ಸಹಾಯ ಬೇಕು: ತಾತನ ಸೇನಾ ದಾಖಲೆ ಎಲ್ಲಿ ಸಿಗತ್ತೆ?

ಎಲ್ಲರಿಗೂ ನಮಸ್ಕಾರ. 1962ರ ಚೀನಾ ಯುದ್ಧದ ನಂತರ ಸೇನೆಗೆ ಎಮರ್ಜೆನ್ಸಿ ಕಮಿಷನ್ಡ್ ಆಫೀಸರ್‌ಗಳನ್ನ (ತುರ್ತಾಗಿ, ಸ್ವಲ್ಪ ಕಾಲಕ್ಕೆ ಅಂತ ನೇಮಿಸಿದ ಅಧಿಕಾರಿಗಳನ್ನ) ತಗೊಂಡ್ರಲ್ಲ, ನಮ್ಮ ತಾತನೂ ಆಗ ಬಿ.ಎಸ್ಸಿ. ಅರ್ಧಕ್ಕೇ ಬಿಟ್ಟು ಹೋದವರು. ಮದ್ರಾಸ್‌ನ ಒ.ಟಿ.ಎಸ್.ನಲ್ಲಿ (ಸೇನಾ ಅಧಿಕಾರಿಗಳ ತರಬೇತಿ ಶಾಲೆ) ತರಬೇತಿ, 1965ರ ಯುದ್ಧದಲ್ಲಿ ಸೇವೆ. ಸೇನೆಯಿಂದ ಬಿಡುಗಡೆಯಾದ ಮೇಲೆ ಅದೇ ಕಾಲೇಜಿಗೆ ವಾಪಸ್ ಬಂದು, ತಮಗಿಂತ ಎಷ್ಟೋ ಚಿಕ್ಕ ಹುಡುಗರ ಜೊತೆ ಕೂತು ಡಿಗ್ರಿ ಮುಗಿಸಿದ್ರು. ನನಗೆ ಅದೇ ದೊಡ್ಡ ವಿಷಯ.

ಈಗ ಕಾಲೇಜಿನವರು ಹೀಗೆ ಹೋಗಿ ಬಂದ ಹಳೇ ವಿದ್ಯಾರ್ಥಿಗಳ ಪಟ್ಟಿ ಮಾಡ್ತಿದ್ದಾರೆ. ದಾಖಲೆ ಇಲ್ಲದೆ ಹೆಸರು ಸೇರಿಸಲ್ಲವಂತೆ. ತಾತ ಈಗಿಲ್ಲ. ಮನೇಲಿರೋದು ಒಂದು ಫೋಟೋ, ‘ಇಸಿ’ (ಎಮರ್ಜೆನ್ಸಿ ಕಮಿಷನ್) ಅಂತ ಶುರುವಾಗೋ ಅವರ ಸೇನಾ ನಂಬರ್, ಅಷ್ಟೇ. ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿದೆ, ಪಿಂಚಣಿ ಇರಲಿಲ್ಲವಾದ್ದರಿಂದ ನಮ್ಮಲ್ಲಿ ನೋಂದಣಿ ಇಲ್ಲ ಅಂದ್ರು. ರೆಜಿಮೆಂಟ್ ಕೇಂದ್ರಕ್ಕೆ ಬರೆದ್ರೆ, ಜವಾನರ ಕಡತ ಮಾತ್ರ ನಮ್ಮ ಹತ್ರ, ಆಫೀಸರ್‌ಗಳದ್ದು ದೆಹಲಿಯ ಸೇನಾ ಪ್ರಧಾನ ಕಚೇರಿಯಲ್ಲಿ ಅಂತ ಉತ್ತರ ಬಂತು.

ನಾನು ಸಿಕ್ಕಿಹಾಕ್ಕೊಂಡಿರೋದು ಇಲ್ಲೇ. ದೆಹಲಿಗೆ ಮೊಮ್ಮಗನಾಗಿ ನಾನೇ ಅರ್ಜಿ ಹಾಕಬಹುದಾ, ಇಲ್ಲಾ ಅಜ್ಜಿಯ ಸಹಿಯೇ ಬೇಕಾ? ಅರ್ಜಿ ಜೊತೆ ಏನೇನು ಕಾಗದ ಇಡಬೇಕು? ನಿಮ್ಮ ಮನೆಯವರಿಗಾಗಿ ಇದನ್ನ ಮಾಡಿಸಿದವರು ದಯವಿಟ್ಟು ತಿಳಿಸಿ.