ಪುಟ್ಟಿ, ಆ ಕೀಬೋರ್ಡ್ ಸದ್ಯಕ್ಕೆ ಬೇಡ

ಪುಟ್ಟಿ, ನೀನು ನಿನ್ನೆ ನಮ್ಮ ಮನೆಯವರ ಗ್ರೂಪಿನಲ್ಲಿ ಕೇಳಿದ್ದಕ್ಕೆ ಒಂದು ಸಾಲಿನಲ್ಲಿ ಉತ್ತರ ಹೇಳಲಿಕ್ಕೆ ನನ್ನಿಂದ ಆಗುವುದಿಲ್ಲ, ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತು ಮಾಡಿಕೊಂಡು ಕೇಳು. ಬರೀ ಗಿಟಾರ್ ಇಟ್ಟುಕೊಂಡು ಹಾಡಿದರೆ ಮೊದಲ ಆಲ್ಬಂ ಯಾರೂ ಕೇಳುವುದಿಲ್ಲ, ಕೀಬೋರ್ಡ್, ರಿದಂ ಪ್ಯಾಡ್, ಕೋರಸ್ ಎಲ್ಲ ಹಾಕಿಸು ಅಂತ ಸ್ಟುಡಿಯೋದವರು ಹೇಳಿದ್ದಾರೆ, ಏನು ಮಾಡಲಿ ಅಂದೆಯಲ್ವಾ? ಹಾಕಿಸಬೇಡ. ದುಡ್ಡಿನ ವಿಷಯಕ್ಕೆ ಹೇಳ್ತಾ ಇಲ್ಲ.

ನಿನ್ನ ಅಣ್ಣ ಒಂದು ಲಿಂಕ್ ಹಾಕಿದ್ದ ನೋಡು, ಟ್ರೇಸಿ ಚಾಪ್‌ಮನ್ ಅಂತ. ಅವಳ ಮೊದಲ ಆಲ್ಬಂ, 1988ರದ್ದು, ಹನ್ನೊಂದು ಹಾಡು. ನಾನು ಹೆಸರೂ ಕೇಳಿರಲಿಲ್ಲ. ಉಡುಪಿಯಿಂದ ಬರುವಾಗ ಬಸ್ಸಿನಲ್ಲಿ ಸುಮ್ನೆ ಇಯರ್‌ಫೋನ್ ಹಾಕಿಕೊಂಡವಳು ಮಂಗಳೂರು ಮುಟ್ಟುವವರೆಗೆ ತೆಗೆಯಲಿಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡ್‌ನವಳಂತೆ, ಕಾಲೇಜಿಗೆ ಹೋಗುವಾಗ ಹಾರ್ವರ್ಡ್ ಸ್ಕ್ವೇರ್‌ನಲ್ಲಿ ರಸ್ತೆ ಬದಿ ನಿಂತು ಹಾಡುತ್ತಿದ್ದಳಂತೆ. ಎರಡನೇ ಹಾಡು 'ಫಾಸ್ಟ್ ಕಾರ್'. ಅಪ್ಪ ಕುಡುಕ, ಅಮ್ಮ ಬಿಟ್ಟು ಹೋಗಿದ್ದಾಳೆ, ಹುಡುಗಿ ಶಾಲೆ ಬಿಟ್ಟು ಅಪ್ಪನನ್ನು ನೋಡಿಕೊಳ್ತಾಳೆ. ಪ್ರೀತಿಸಿದವನ ಜೊತೆ ಊರು ಬಿಟ್ಟು ಹೋಗುವ ಆಸೆ. ಹೋಗಿ ದುಡಿದು ಮನೆ ನಡೆಸಿದರೆ ಕೊನೆಗೆ ಅವನೂ ಅಪ್ಪನ ಹಾಗೆಯೇ ಕುಡಿಯುತ್ತಾ ಕೂರುತ್ತಾನೆ. ಇಷ್ಟು ಕಥೆ ನಡೆಯುವಾಗಲೂ ಗಿಟಾರಿನ ಒಂದೇ ಸಣ್ಣ ತುಣುಕು ಸುತ್ತಿ ಸುತ್ತಿ ಬರ್ತಾ ಇರುತ್ತದೆ. ಎಲ್ಲಿಯೂ ಕೇಳುವವರಿಗೆ ಅಳು ಬರಿಸಲಿಕ್ಕೆ ನೋಡುವುದಿಲ್ಲ ಅವಳು. ಆದರೂ ನನಗೆ ತಡೆಯಲಿಕ್ಕೆ ಆಗಲಿಲ್ಲ.

ನಾಲ್ಕನೆಯದು ಬಂದಾಗ ಬಸ್ಸು ಪಡುಬಿದ್ರಿಯಲ್ಲಿ ನಿಂತಿತ್ತು. ಆ ಹಾಡಿನಲ್ಲಿ ಗಿಟಾರೂ ಇಲ್ಲ, ಎಂತದ್ದೂ ಇಲ್ಲ ಮಾರಾಯ್ತಿ, ಬರೀ ದನಿ. ಪಕ್ಕದ ಮನೆಯಲ್ಲಿ ಗಂಡ ಹೆಂಡತಿಗೆ ಹೊಡೆಯುತ್ತಾನೆ, ಗೋಡೆಯ ಈಚೆಗೆ ಕಿರುಚಾಟ ಕೇಳುತ್ತದೆ, ಪೊಲೀಸರು ಬಂದರೂ ತಡವಾಗಿ ಬರುತ್ತಾರೆ. ಇಡೀ ಹಾಡು ಎರಡು ನಿಮಿಷವೂ ಇಲ್ಲ. ಹೊರಗೆ ಕಂಡಕ್ಟರ್ ಮಂಗ್ಳೂರ್ ಮಂಗ್ಳೂರ್ ಅಂತ ಬೊಬ್ಬೆ ಹಾಕ್ತಾ ಇದ್ದ, ನನಗೆ ಅವಳು ಉಸಿರು ಎಳೆದುಕೊಳ್ಳುವುದು ಕೂಡ ಕೇಳುತ್ತಿತ್ತು. ಅಲ್ಲಿ ಒಂದು ಕೀಬೋರ್ಡ್ ಇದ್ದಿದ್ದರೆ? ಗೋಡೆ ಈಚೆ ಒಬ್ಬಳೇ ಕೂತು ಕೇಳಿಸಿಕೊಳ್ಳುವವಳು ಅಲ್ಲಿ ಇರುತ್ತಿರಲಿಲ್ಲ.

ಹಾಗಂತ ಇಡೀ ಆಲ್ಬಂ ಬರೀ ಗಿಟಾರ್ ಅಲ್ಲ. ಡ್ರಮ್ಸ್, ಬೇಸ್ ಎಲ್ಲ ಉಂಟು. ಆದರೆ ಎಲ್ಲವೂ ಅವಳ ಹಿಂದೆ ನಿಲ್ಲುತ್ತವೆ, ಮುಂದೆ ಬಂದು ಮಾತಿಗೆ ಅಡ್ಡ ನಿಲ್ಲುವುದಿಲ್ಲ.

ಇನ್ನೊಂದು ಸಂಗತಿ ಕೇಳು, ಇದನ್ನು ನಿನ್ನ ಸ್ಟುಡಿಯೋದವರಿಗೂ ಹೇಳು. 1988ರ ಜೂನ್ 11, ಲಂಡನ್ನಿನ ವೆಂಬ್ಲಿ ಸ್ಟೇಡಿಯಂ, ನೆಲ್ಸನ್ ಮಂಡೇಲಾ ಅವರ 70ನೇ ಹುಟ್ಟುಹಬ್ಬದ ಕಾರ್ಯಕ್ರಮ, ಅವರಿನ್ನೂ ಜೈಲಿನಲ್ಲೇ ಇದ್ದರು. ಸ್ಟೀವಿ ವಂಡರ್ ಅಂತ ದೊಡ್ಡ ಗಾಯಕರು, ಅವರು ಹಾಡಬೇಕು ಅನ್ನುವ ಹೊತ್ತಿಗೆ ಅವರ ಸಿಂಥಸೈಸರಿನ, ಅಂದರೆ ಎಲೆಕ್ಟ್ರಾನಿಕ್ ಕೀಬೋರ್ಡಿನ, ಹಾರ್ಡ್ ಡಿಸ್ಕೇ ಕಾಣೆ. ಅದಿಲ್ಲದೆ ಆಗುವುದಿಲ್ಲ ಅಂತ ಅವರು ವಾಪಸ್ ಹೋದರು. ಆಗ ಅವತ್ತು ಒಮ್ಮೆ ಹಾಡಿ ಮುಗಿಸಿದ್ದ ಈ 24 ವರ್ಷದ ಹುಡುಗಿಯನ್ನೇ ಮತ್ತೆ ಸ್ಟೇಜಿಗೆ ಕಳಿಸಿದರು. ಒಂದು ಗಿಟಾರ್, ಮುಂದೆ ಸುಮಾರು 70 ಸಾವಿರ ಜನ, ಟೀವಿಯಲ್ಲಿ ಕೋಟಿಗಟ್ಟಲೆ. 'ಫಾಸ್ಟ್ ಕಾರ್' ಹಾಡಿದಳು. ಆಮೇಲೆ ಆಲ್ಬಂ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಒಂದನೇ ಸ್ಥಾನಕ್ಕೆ ಹೋಯಿತು. 2023ರಲ್ಲಿ ಲ್ಯೂಕ್ ಕೋಂಬ್ಸ್ ಅನ್ನುವ ಅಮೆರಿಕದ ಗಾಯಕರು 'ಫಾಸ್ಟ್ ಕಾರ್' ಅನ್ನೇ ಮತ್ತೆ ಹಾಡಿದರು, ಆಗ ಅದನ್ನು ಬರೆದ ಇವಳಿಗೆ ಅಲ್ಲಿನ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ವರ್ಷದ ಹಾಡು ಪ್ರಶಸ್ತಿ ಬಂತು. 35 ವರ್ಷ ಆದ ಮೇಲೆ!

ಅಷ್ಟು ದೂರ ಯಾಕೆ, ನಮ್ಮಲ್ಲಿ ಗದ್ದೆಯಲ್ಲಿ ನೇಜಿ ನೆಡುವಾಗ ಹೆಂಗಸರು ತುಳುವಿನಲ್ಲಿ ಪಾಡ್ದನದ ಹಾಡು ಹೇಳುತ್ತಿದ್ದರಲ್ಲ, ಒಬ್ಬಳು ಸಾಲು ಎತ್ತುವುದು, ಉಳಿದವರು ಹಿಡಿಯುವುದು, ಅದಕ್ಕೆ ಯಾವ ವಾದ್ಯ ಇತ್ತು? ಅಕ್ಕ, ನೀನೇ ಹೇಳು ಅವಳಿಗೆ, ನೀನು ಕೇಳಿದ್ದೀಯಲ್ಲ.

ಈಗ ನಿನ್ನ ಹಾಡಿನ ವಿಷಯ. ಅಜ್ಜಿಮನೆ ಮಾರಿದ ಮೇಲಿನ ಹಾಡು ಉಂಟಲ್ಲ, ಮೊದಲು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ್ದೆ. ಬಾವಿಕಟ್ಟೆ ಅಂತ ಬರುವ ಕಡೆ ಒಂದು ಕ್ಷಣ ನಿಲ್ಲಿಸುತ್ತೀ, ತಂತಿ ಮೇಲೆ ಬೆರಳು ಜಾರಿದ್ದು ಕೇಳುತ್ತದೆ, ಆಮೇಲೆ ಮುಂದಿನ ಸಾಲು. ಸ್ಟುಡಿಯೋದಿಂದ ಬಂದ ಸ್ಯಾಂಪಲ್‌ನಲ್ಲಿ ಅದೇ ಜಾಗಕ್ಕೆ ಪಿಟೀಲಿನ ಸೌಂಡ್ ತುಂಬಿಸಿದ್ದಾರೆ. ನನಗೆ ತುಂಬಾ ಬೇಜಾರಾಯಿತು. ನೀನು ನಿಲ್ಲಿಸಿದ್ದೇ ಆ ಹಾಡಿನ ಜೀವ.

ಅವರ ಹತ್ತಿರ ಹೇಳು, ದನಿ ಮತ್ತು ಗಿಟಾರ್ ಬೇರೆ ಬೇರೆ ಬೇಡ, ಒಟ್ಟಿಗೆ ಒಂದೇ ಸಲ ಹಾಡಿ ರೆಕಾರ್ಡ್ ಮಾಡುವ ಅಂತ. ತಂತಿಯ ಸದ್ದು ಒರೆಸಿ ತೆಗೆಯುವುದು ಬೇಡ. ಎಲ್ಲ ಆದ ಮೇಲೆ ಯಾವುದಾದರೂ ಹಾಡು ನಿಜವಾಗಿ ಇನ್ನೊಂದು ವಾದ್ಯ ಕೇಳಿದರೆ ಆಗ ನೋಡುವ. ಒಪ್ಪದಿದ್ದರೆ ಬೇರೆ ಸ್ಟುಡಿಯೋ ಹುಡುಕುವ, ನಾನೂ ಬರ್ತೇನೆ ಜೊತೆಗೆ. ಭಾವ, ನೀವು ಅಡ್ವಾನ್ಸ್ ಈಗಲೇ ಕೊಡಬೇಡಿ, ಆಯ್ತಾ?