ಪದ ಬೇಕಿದೆ: ಆಲ್ಫಾಗೂ ಮುಂಚಿನ ಕಡತಗಳಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಪ್ರಯೋಗದ ಹಂತದಲ್ಲಿರುವ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಂ ಒಂದರ ಡೌನ್‌ಲೋಡ್ ಪುಟವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇವತ್ತು ರಾತ್ರಿಯೊಳಗೆ ಕೊಡಬೇಕು. ಸೋರ್ಸ್ ಟಾರ್‌ಬಾಲ್ (ಮೂಲ ಕೋಡಿನ ಕಟ್ಟು), ಅದರಿಂದ ದಿನಕ್ಕೊಂದು ಬಿಲ್ಡ್ ಆಗುವ ಇಮೇಜ್ (ಯಂತ್ರಕ್ಕೆ ನೇರ ಹಾಕುವ ಸಿದ್ಧ ರೂಪ), ಎರಡಕ್ಕೂ ಒಂದೇ ತಲೆಬರಹ. ಬೂಟ್ ಆದರೆ ಆಯಿತು, ಇಲ್ಲವಾದರೆ ಇಲ್ಲ, ಅಂಥ ಸ್ಥಿತಿ; ಮೊದಲ ಪರೀಕ್ಷಾ ಆವೃತ್ತಿಯಾದ ಆಲ್ಫಾ ಕೂಡ ಇನ್ನೂ ಬಂದಿಲ್ಲ. "ಪ್ರಾಯೋಗಿಕ ಕಡತಗಳು" ಎಂದು ಬರೆದಿದ್ದೆ. ಓದಿದ ಗೆಳೆಯ "ಪ್ರಾಕ್ಟಿಕಲ್ ಪರೀಕ್ಷೆಯದಾ?" ಅಂದ. ಈಗ "ಕಚ್ಚಾ ಕಡತಗಳು" ಎಂದಿಟ್ಟಿದ್ದೇನೆ. ನಡೆಯುತ್ತದೆಯೇ?

> ಕಚ್ಚಾ ಕಡತಗಳು

ನಡೆಯುವುದಿಲ್ಲ. ಕಚ್ಚಾ ಹಿಂದಿಯದು. ಅದೇ ಅರ್ತಕ್ಕೆ ನಮ್ಮಲ್ಲಿ ಹಸಿ ಇದೆ.

> ಹಸಿ ಇದೆ

ಹಸಿ ಸುಳ್ಳೂ ಇದೆ, ಸ್ವಾಮಿ. ಮತ್ತೆ ಅದು ಅರ್ಥ, ಅರ್ತ ಅಲ್ಲ. ಕಚ್ಚಾ ತೈಲ, ಕಚ್ಚಾ ವಸ್ತು ಎಂದು ದಿನಾ ಓದುವವರಿಗೆ ಅದರ ಕುಲಗೋತ್ರ ಬೇಕಿಲ್ಲ. ನನ್ನ ತಕರಾರು ಬೇರೆ. ಕಚ್ಚಾ ಎಂದರೆ ಇನ್ನೂ ಸಂಸ್ಕರಿಸದ ಸರಕು. ಟಾರ್‌ಬಾಲಿಗೆ ಹೊಂದೀತು, ಕಂಪೈಲ್ ಆಗಿ ಬಂದ ಇಮೇಜಿಗೆ ಹೊಂದದು. ಎಳೆ ಎನ್ನೋಣವೆಂದರೆ ಈ ಕ್ಷೇತ್ರದಲ್ಲಿ ಅದು ಥ್ರೆಡ್ಡಿನ ಪಾಲಾಗಿದೆ. ಕರಡು ಹಾಕಿ.

ವಿಶೇಷಣಕ್ಕೆ ಬಡಿದಾಡುವವರು ಕಡತವನ್ನು ನೋಡಲೇ ಇಲ್ಲ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದ ಪುಸ್ತಕ ಅದು. ಒರೆಸಿ ಮತ್ತೆ ಬರೆಯಬಹುದಿತ್ತು. ದಿನಾ ತಿದ್ದುವ ಕೋಡಿಗೆ ಇನ್ನೆಂಥ ಪದ ಬೇಕು? ಬರೀ "ಕಡತ" ಸಾಕು.

> ಬರೀ "ಕಡತ" ಸಾಕು

ಕಚೇರಿಯಲ್ಲಿ ಧೂಳು ತಿನ್ನುವ ಕಡತ ನೆನಪಾಗುತ್ತದೆ, ಬಳಪ ಅಲ್ಲ. ಮರ ನೋಡಿ ಕಲಿಯಿರಿ: ಹೀಚು, ಮಿಡಿ, ಕಾಯಿ, ಹಣ್ಣು. ಆಲ್ಫಾ ಮಿಡಿ, ಬೀಟಾ ಕಾಯಿ. ಅದಕ್ಕೂ ಮುಂಚಿನದು ಹೀಚು. ಅಚ್ಚಗನ್ನಡ.

ಹೈಕು ಎಂಬ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಂ 2001ರಲ್ಲಿ ಶುರುವಾಯಿತು, ಮೊದಲ ಆಲ್ಫಾ 2009ರಲ್ಲಿ, ಮೊದಲ ಬೀಟಾ 2018ರಲ್ಲಿ. ಎಂಟು ವರ್ಷ ಹೀಚಾಗಿಯೇ ಉಳಿಯುವ ಮರವನ್ನು ಕಡಿಯುತ್ತಾರೆ. ಅದಿರಲಿ, ಹಣ್ಣಾದ ಮೇಲೆ ಮುಂದಿನ ಹಂತ ಕೊಳೆಯುವುದೇ?

ನಗುವುದು ಸುಲಬ. ಆಪರೇಟಿಂಗ್ ಸಿಸ್ಟಂ, ಟಾರ್‌ಬಾಲ್, ಇಮೇಜ್, ಬೂಟ್ ಎಲ್ಲ ಹಾಗೇ ಬಿಟ್ಟು ಒಂದು ಕಚ್ಚಾಕ್ಕೆ ಪದ ಹುಡುಕಿದರೆ ಅದು ಕನ್ನಡವಾಗುತ್ತದೆಯೇ? "ನಡೆಸೇರ್ಪಾಟು" ಎನ್ನಿ ಮೊದಲು.

ಚಾವಿ ಪೋರ್ಚುಗೀಸಿನಿಂದ ಬಂತೆಂದು ಬಾಗಿಲು ತೆಗೆದಿಟ್ಟೇ ಮಲಗುತ್ತೀರಾ? "ನಡೆಸೇರ್ಪಾಟು" ಓದಿದವರು ಅದೇನೆಂದು ಮತ್ತೆ ಇಂಗ್ಲಿಷಿನಲ್ಲೇ ಕೇಳಬೇಕು.

ಕೇಳಿದವರಿಗೆ ಇವತ್ತು ರಾತ್ರಿಯೊಳಗೆ ಬೇಕಂತೆ. 1991ರಲ್ಲಿ ಲಿನಕ್ಸಿನ ಮೊದಲ ಕಡತಗಳು ಎಫ್‌ಟಿಪಿ ಸರ್ವರಿಗೆ ಬಂದಾಗ 0.01 ಎಂಬ ಅಂಕಿಯೇ ಎಚ್ಚರಿಕೆಯಾಗಿತ್ತು. ಕಂಪೈಲ್ ಮಾಡಲು ಮಿನಿಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂ ಬೇಕಿತ್ತು. ಅದನ್ನು ಬರೆದ ಟಾರ್ವಾಲ್ಡ್ಸ್ ಬಯಸಿದ್ದ ಹೆಸರು ಫ್ರೀಕ್ಸ್. ಸರ್ವರ್ ನೋಡಿಕೊಳ್ಳುತ್ತಿದ್ದವರು ಫೋಲ್ಡರಿಗೆ ಲಿನಕ್ಸ್ ಎಂದಿಟ್ಟರು, ಅದೇ ನಿಂತಿತು. ನೀವೂ ಒಂದನ್ನು ಇಟ್ಟುಬಿಡಿ.

ಇಟ್ಟೆ. ತಲೆಬರಹ "ಕರಡು ಕಡತಗಳು". ಕೆಳಗೆ ಸಣ್ಣಕ್ಷರದಲ್ಲಿ: "ಆಲ್ಫಾಗೂ ಮುಂಚಿನವು. ದಿನಬಳಕೆಯ ಯಂತ್ರದಲ್ಲಿ ಹಾಕಬೇಡಿ, ಡಿಸ್ಕ್ ಅಳಿಸಿಹೋದೀತು." ಹೀಚು ನನಗೂ ಇಷ್ಟವಾಯಿತು, ಆದರೆ ಡಿಸ್ಕ್ ಕಳೆದುಕೊಂಡವರ ಮುಂದೆ ಹೇಳುವ ಧೈರ್ಯವಿಲ್ಲ. ಪುಟ ಕಳಿಸಿಯಾಯಿತು. ಎಲ್ಲರಿಗೂ ವಂದನೆ.

ಗುಂಡಿಯ ಮೇಲೆ "ಡೌನ್‌ಲೋಡ್" ಎಂದೇ ಬಿಟ್ಟಿರಾ? "ಇಳಿಸಿಕೊಳ್ಳಿ" ಎನ್ನಲು ಏನು ತೊಂದರೆ?