ಪುಟ್ಟಿ, ಆ ಸಾಲಕ್ಕೆ ಒಂದು ಡಾಲರೂ ಕಟ್ಟಬೇಡ

ಪುಟ್ಟಿ, ಅತ್ತೆ ಮಾತಾಡ್ತಿರೋದು. ಈಗಷ್ಟೇ ಮನೆಗೆ ಬಂದು, ಅನಿ ಹೆಸರಲ್ಲಿ ಕ್ಯಾಲಿಫೋರ್ನಿಯಾದ ಯಾವುದೋ ಕಾಲೇಜಿನ ಸ್ಟೂಡೆಂಟ್ ಲೋನ್ ಕಟ್ಟಿ ಅಂತ ಕಾಗದ ಬಂದಿದೆ ಅನ್ನೋ ನಿನ್ನ ಮೆಸೇಜ್ ಕೇಳ್ದೆ. ಮೊದಲು ಆ ಕಾಗದದ ಫೋಟೋ ನಮ್ಮ ಮನೆಯವರ ಗ್ರೂಪಿಂದ ತೆಗಿ ಕಣೇ. ಅನಿ ವಿಳಾಸ, ಅಕೌಂಟ್ ನಂಬರ್ ಎಲ್ಲಾ ಅದರಲ್ಲಿ ಕಾಣ್ತಿದೆ.

ಅಣ್ಣ, "5,500 ಡಾಲರ್ ತಾನೆ, ಕಟ್ಟಿ ಕೈ ತೊಳ್ಕೊಳ್ಳಿ, ಮಾನ ದೊಡ್ಡದು" ಅಂದೆ ನೀನು. ನಿನ್ನ ಸಂಕಟ ಅರ್ಥ ಆಗತ್ತೆ, ಅಪ್ಪ ನಮ್ಮನ್ನ ಹಾಗೇ ಬೆಳೆಸಿದ್ದು. ಆದ್ರೆ ಟೆಕ್ಸಾಸಲ್ಲಿ ಓದ್ತಿರೋ ಹುಡುಗ ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿಗೆ (ಎರಡು ವರ್ಷದ ಸರ್ಕಾರಿ ಕಾಲೇಜು) ಯಾವತ್ತೂ ಸೇರಿಲ್ಲ. ಕಟ್ಟಿದ್ರೆ ಸಾಲ ನಮ್ಮದೇ ಅಂತ ಒಪ್ಪಿಕೊಂಡ ಹಾಗಾಗತ್ತೆ. ಚಿಕ್ಕಣ್ಣ ಹೇಳಿದ ಹಾಗೆ ಕಾಗದ ಹರಿದು ಬಿಸಾಕೋದೂ ಬೇಡ. ಇದು ಫೆಡರಲ್ ಸಾಲ, ಅಂದ್ರೆ ಇಲ್ಲಿನ ಕೇಂದ್ರ ಸರ್ಕಾರದ್ದು, ವಸೂಲಿಗೆ ಕಾಲಮಿತಿ ಇಲ್ಲ. 270 ದಿನ ಕಟ್ಟದೇ ಇದ್ರೆ ಡಿಫಾಲ್ಟ್, ಅಂದ್ರೆ ಸಾಲ ತೀರಿಸದೇ ತಪ್ಪಿದವನು ಅಂತ ಲೆಕ್ಕ. ಆಮೇಲೆ ಕೋರ್ಟಿಗೆ ಹೋಗದೇನೇ ಅವನ ಸಂಬಳದಲ್ಲಿ 15% ತನಕ ಹಿಡ್ಕೋಬಹುದು, ಟ್ಯಾಕ್ಸ್ ರಿಫಂಡ್ ಕೂಡ ಹೋಗತ್ತೆ.

ಇದು ಹೇಗಾಯ್ತು ಅಂತ ಕೇಳಿದ್ಯಲ್ಲ. ಕಳ್ಳರಿಗೆ ಬೇಕಾಗಿರೋದು ಹೆಸರು, ಹುಟ್ಟಿದ ತಾರೀಕು, ಸೋಶಿಯಲ್ ಸೆಕ್ಯುರಿಟಿ ನಂಬರ್ (ನಮ್ಮ ಆಧಾರ್ ನಂಬರ್ ಥರ). 2017ರಲ್ಲಿ ಜನರ ಸಾಲದ ಲೆಕ್ಕ ಇಡೋ ಈಕ್ವಿಫ್ಯಾಕ್ಸ್ ಕಂಪನಿ ಒಂದರಿಂದಲೇ ಸುಮಾರು 14.7 ಕೋಟಿ ಜನರ ವಿವರ ಸೋರಿತ್ತು. ಅಂಥ ವಿವರ ಹಿಡ್ಕೊಂಡು ಆನ್‌ಲೈನ್ ಕ್ಲಾಸಿಗೆ ಸೇರ್ತಾರೆ, ಸರ್ಕಾರದ ಸಾಲ, ಸಹಾಯಧನಕ್ಕೆ ಅಂತ ಇರೋ ಫ್ಯಾಫ್ಸಾ ಅರ್ಜಿ ಹಾಕ್ತಾರೆ. ಕಮ್ಯುನಿಟಿ ಕಾಲೇಜಲ್ಲಿ ಫೀಸು ಕಮ್ಮಿ, ಹಾಗಾಗಿ ಫೀಸು ಕಳೆದು ಉಳಿದ ಹಣ "ವಿದ್ಯಾರ್ಥಿ"ಯ ಖಾತೆಗೆ ಬರತ್ತೆ. ಆ ಖಾತೆ ಕಳ್ಳನದು. ಇಲ್ಲಿ ಇವರನ್ನ ಘೋಸ್ಟ್ ಸ್ಟೂಡೆಂಟ್ಸ್ ಅಂತಾರೆ. ನಿಜವಾದ ಮಕ್ಕಳಿಗೆ ಸೀಟ್ ಸಿಗದಷ್ಟು ಕ್ಲಾಸುಗಳು ಇವರಿಂದ ತುಂಬಿಹೋಗಿವೆ, ಅದು ನೆನೆಸಿಕೊಂಡ್ರೆ ಹೊಟ್ಟೆ ಉರಿಯತ್ತೆ. 2025ರ ಜೂನಲ್ಲಿ ಇಲ್ಲಿನ ಶಿಕ್ಷಣ ಇಲಾಖೆ, ಹೊಸದಾಗಿ ಅರ್ಜಿ ಹಾಕೋ ಎಷ್ಟೋ ಜನ ಫೋಟೋ ಐಡಿ ತೋರಿಸಲೇಬೇಕು ಅಂದಿದ್ದು ಇದಕ್ಕೇ.

ಈಗ ಕಾಗದದಲ್ಲಿರೋ ನಂಬರಿಗೆ ಫೋನ್ ಮಾಡಬೇಡ, ಅದೇ ಮೋಸ ಇದ್ರೂ ಇರಬಹುದು. ಸರ್ಕಾರದ ಸ್ಟೂಡೆಂಟ್‌ಏಡ್ ಡಾಟ್ ಗವ್ ವೆಬ್‌ಸೈಟಿಗೆ ಅನಿ ತಾನೇ ಲಾಗಿನ್ ಆಗಿ ಸಾಲ ಇದೆಯಾ ನೋಡ್ಲಿ. ಇದ್ರೆ ಐಡೆಂಟಿಟಿಥೆಫ್ಟ್ ಡಾಟ್ ಗವ್‌ನಲ್ಲಿ ಎಫ್‌ಟಿಸಿ (ಗ್ರಾಹಕರ ಮೋಸದ ದೂರು ತಗೊಳ್ಳೋ ಸರ್ಕಾರಿ ಸಂಸ್ಥೆ) ವರದಿ ತುಂಬಿ, ಪ್ರಿಂಟ್ ತಗೊಂಡು ನಿಮ್ಮೂರ ಪೊಲೀಸ್ ಸ್ಟೇಷನ್ನಿಗೆ ಹೋಗಿ. ಈಕ್ವಿಫ್ಯಾಕ್ಸ್ ಥರದ ಮೂರೂ ಕ್ರೆಡಿಟ್ ಬ್ಯೂರೋಗಳಲ್ಲಿ, ಅವನ ಹೆಸರಲ್ಲಿ ಬೇರೆಯವರು ಹೊಸ ಸಾಲ ತೆಗೆಯದ ಹಾಗೆ ಫ್ರೀಜ್ ಹಾಕಿಸಿ, ಅದಕ್ಕೆ ದುಡ್ಡಿಲ್ಲ. ಆಮೇಲೆ ಆ ಕಾಲೇಜಿನ ಫೈನಾನ್ಶಿಯಲ್ ಏಡ್ ಆಫೀಸಿಗೂ ಸಾಲದ ಕಂಪನಿಗೂ ಬರೆದು, ಫಾಲ್ಸ್ ಸರ್ಟಿಫಿಕೇಶನ್ ಡಿಸ್ಚಾರ್ಜ್ ಅರ್ಜಿ ಕೇಳಿ, ಅಂದ್ರೆ ಕಳ್ಳತನದಿಂದ ಆದ ಸಾಲ ವಜಾ ಮಾಡಿ ಅನ್ನೋ ಅರ್ಜಿ. ಮೊದಲೆಲ್ಲಾ ಇದಕ್ಕೆ ಕೋರ್ಟ್ ತೀರ್ಪೇ ಬೇಕಿತ್ತು. 2023ರ ಜುಲೈಯಿಂದ ಎಫ್‌ಟಿಸಿ ವರದಿ, ಪೊಲೀಸ್ ವರದಿಯಂಥ ಪುರಾವೆನೂ ತಗೋತಾರೆ.

ಮೂರು ವರ್ಷದ ಹಿಂದೆ ನಮ್ಮ ಸಣ್ಣವಳಿಗೂ ಹೀಗೇ ಆಗಿತ್ತು, ನಿಮಗ್ಯಾರಿಗೂ ಹೇಳಿರಲಿಲ್ಲ. ಕಂಪನಿಯವರು ಅದೇ ಕಾಗದ ಮೂರು ಸಲ ಕೇಳಿದ್ರು. ಒಬ್ಬಳಂತೂ ಫೋನಲ್ಲಿ "ಅಪ್ಪ ಅಮ್ಮನೇ ತಗೊಂಡಿರಬಹುದು" ಅಂದ್ಲು. ಮಗಳು ನನ್ನ ಮುಖ ನೋಡಿದ್ದು ಇವತ್ತಿಗೂ ಮರೆತಿಲ್ಲ. ಅವತ್ತಿಂದ ಒಂದು ನೋಟ್‌ಬುಕ್ ಇಟ್ಟೆ: ಯಾವ ದಿನ, ಎಷ್ಟು ಹೊತ್ತಿಗೆ, ಯಾರ ಹತ್ರ ಮಾತಾಡಿದ್ದು, ಏನಂದ್ರು. ಹದಿನಾಲ್ಕು ತಿಂಗಳಾದ್ಮೇಲೆ ಸಾಲ ವಜಾ ಆಯ್ತು, ಆ ನೋಟ್‌ಬುಕ್ಕೇ ಕೈ ಹಿಡಿದಿದ್ದು.

ಹಾಂ, ಅಣ್ಣ, ಎಫ್-1 ವೀಸಾದಲ್ಲಿ (ಓದೋಕೆ ಬರೋರ ವೀಸಾ) ಬರೋ ನಿನ್ನ ಮೊಮ್ಮಗನ ಚಿಂತೆ ಬೇಡ. ಈ ಸಾಲ ಸಿಟಿಜನ್ನು, ಗ್ರೀನ್ ಕಾರ್ಡ್‌ನೋರಂಥವರಿಗೆ ಮಾತ್ರ. ಅವನ ಸೋಶಿಯಲ್ ನಂಬರ್ ಬಂದ ದಿನ ಅದನ್ನ ಮಾತ್ರ ಈ ಗ್ರೂಪಲ್ಲಿ ಹಾಕಬೇಡಿ.

ಅನಿ ಹತ್ರ ಬೇಜಾರಾಗಿ ಮಾತಾಡಬೇಡ ಪುಟ್ಟಿ, ಅವನದೇನೂ ತಪ್ಪಿಲ್ಲ. ಶನಿವಾರ ಬೆಳಿಗ್ಗೆ ನಿಮ್ಮ ಹತ್ತು ಗಂಟೆಗೆ ವಿಡಿಯೋ ಕಾಲ್ ಮಾಡ್ತೀನಿ, ಅವನೂ ಇರ್ಲಿ, ಮೂವರೂ ಕೂತು ಎಫ್‌ಟಿಸಿ ವರದಿ ತುಂಬೋಣ. ನೋಟ್‌ಬುಕ್ ಒಂದು ತೆಗೆದಿಟ್ಕೋ.